ರಿಸ್ಕ್-ಫೈವ್ ಬೋರ್ಡ್ ಮೇಲೆ ಡಾಕರ್: ಮೊದಲ ಕಂಟೇನರ್‌ನಿಂದ ಸ್ವಂತ ಇಮೇಜ್‌ವರೆಗೆ

ರಿಸ್ಕ್-ಫೈವ್ ಅನ್ನುವುದು ಇಂಟೆಲ್, ಆರ್ಮ್ ಹಾಗೆ ಒಂದು ಬಗೆಯ ಪ್ರೊಸೆಸರ್. ಅದು ಇರುವ ಹೊಸ ಬೋರ್ಡ್ (ಪುಟ್ಟ ಕಂಪ್ಯೂಟರ್) ಕೈಗೆ ಬಂದವರು ಸಾಮಾನ್ಯವಾಗಿ ಮೊದಲು ಲಿನಕ್ಸ್ ಹಾಕುತ್ತಾರೆ. ಆಮೇಲೆ ಡಾಕರ್ ಹಾಕುತ್ತಾರೆ, ಅಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ತಂತ್ರಾಂಶ. ಲ್ಯಾಪ್‌ಟಾಪ್‌ನಲ್ಲಿ ದಿನಾ ಓಡಿಸುವ ಯಾವುದೋ ಇಮೇಜ್ (ಕಂಟೇನರ್‌ಗಾಗಿ ಮೊದಲೇ ಕಟ್ಟಿಟ್ಟ ಫೈಲ್‌ಗಳ ಕಟ್ಟು) ಎಳೆದುಕೊಳ್ಳಲು ಹೋಗುತ್ತಾರೆ. ಅಲ್ಲಿ ಹೀಗೊಂದು ಉತ್ತರ ಬರುತ್ತದೆ: 'ನೋ ಮ್ಯಾಚಿಂಗ್ ಮ್ಯಾನಿಫೆಸ್ಟ್ ಫಾರ್ ಲಿನಕ್ಸ್/ರಿಸ್ಕ್‌ವಿ64'. ಬೋರ್ಡ್ ಕೆಟ್ಟಿಲ್ಲ, ಡಾಕರ್ ಕೂಡ ಕೆಟ್ಟಿಲ್ಲ. ಆ ಇಮೇಜನ್ನು ಈ ಪ್ರೊಸೆಸರ್‌ಗಾಗಿ ಯಾರೂ ಇನ್ನೂ ಕಟ್ಟಿಲ್ಲ, ಅಷ್ಟೇ.

ಕಂಟೇನರ್ ಎಲ್ಲಿ ಬೇಕಾದರೂ ಓಡುತ್ತದೆ ಅನ್ನುವ ಮಾತಿಗೆ ಒಂದು ಮಿತಿ ಇದೆ. ಕಂಟೇನರ್ ಒಳಗೆ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಇರುವುದಿಲ್ಲ. ಅದು ಹೊರಗಿನ ಯಂತ್ರದ ಕರ್ನಲ್ಲನ್ನೇ ಬಳಸುತ್ತದೆ. ಆದರೆ ಒಳಗಿರುವ ಪ್ರತಿಯೊಂದು ಪ್ರೋಗ್ರಾಂ, ಪ್ರತಿಯೊಂದು ಲೈಬ್ರರಿ ಯಾವುದೋ ಒಂದು ಪ್ರೊಸೆಸರ್‌ನ ಸೂಚನೆಗಳಲ್ಲೇ ಬರೆದಿರುತ್ತದೆ. ಲಿನಕ್ಸ್‌ನ ಪ್ರತಿ ಪ್ರೋಗ್ರಾಂ ಫೈಲಿನ ತಲೆಭಾಗದಲ್ಲಿ ಯಂತ್ರದ ಸಂಖ್ಯೆ ಒಂದು ಇರುತ್ತದೆ. ಇಂಟೆಲ್, ಎಎಂಡಿಯ 64 ಬಿಟ್‌ಗೆ 62, ಆರ್ಮ್ 64 ಬಿಟ್‌ಗೆ 183, ರಿಸ್ಕ್-ಫೈವ್‌ಗೆ 243. ಓಡಿಸುವ ಮೊದಲು ಕರ್ನಲ್ ಇದನ್ನು ನೋಡುತ್ತದೆ. 243 ಇರಬೇಕಾದ ಕಡೆ 62 ಕಂಡರೆ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂದು ಅಲ್ಲೇ ನಿಲ್ಲಿಸುತ್ತದೆ.

ಹಾಗಾಗಿ ಹೊಸ ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ) ಮೇಲೆ ಕೆಲಸ ಮಾಡುವವರು ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಳ್ಳಬೇಕು: ಈ ಪದರವನ್ನು ಈ ಪ್ರೊಸೆಸರ್‌ಗೆ ಕಟ್ಟಿದವರು ಯಾರು? ಕರ್ನಲ್, ಡಾಕರ್, ಬೇಸ್ ಇಮೇಜ್ (ನಿಮ್ಮ ಇಮೇಜ್‌ಗೆ ತಳಪಾಯವಾಗುವ ಇಮೇಜ್), ಭಾಷೆಯ ರನ್‌ಟೈಮ್, ಅದರ ಮೇಲಿನ ಲೈಬ್ರರಿಗಳು, ಕೊನೆಗೆ ನಿಮ್ಮ ಕೋಡ್. ಎಲ್ಲಕ್ಕೂ ಉತ್ತರ ಸಿಕ್ಕರೆ ಕೆಲಸ ಆಯಿತು. ಒಂದಕ್ಕೆ ಸಿಗದಿದ್ದರೂ ತೊಂದರೆ ಅಲ್ಲೇ ಇದೆ.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಅವನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಟೈಪ್ ಮಾಡಿ. ರಿಸ್ಕ್‌ವಿ64 ಅಂತ ಬರೆದ ಕಡೆ ಆರ್, ಐ, ಎಸ್, ಸಿ, ವಿ, ಆಮೇಲೆ 64. ನಡುವೆ ಜಾಗ ಇಲ್ಲ, ಗೆರೆ ಇಲ್ಲ. ಬಾಯಲ್ಲಿ 'ಫೈವ್' ಅಂದರೂ ಟೈಪ್ ಮಾಡುವಾಗ ಅದು ವಿ ಅಕ್ಷರವೇ.

ಯಾವ ಬೋರ್ಡ್, ಯಾವ ಲಿನಕ್ಸ್

ರಿಸ್ಕ್-ಫೈವ್ ಹುಟ್ಟಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಇದರ ಸೂಚನಾ ಪಟ್ಟಿ ಎಲ್ಲರಿಗೂ ತೆರೆದಿದೆ. ಅದನ್ನು ಬಳಸಿ ಚಿಪ್ ಮಾಡಲು ಯಾರಿಗೂ ಲೈಸೆನ್ಸ್ ಹಣ ಕಟ್ಟಬೇಕಿಲ್ಲ. ಚಿಕ್ಕದೊಂದು ಮೂಲ ಪಟ್ಟಿ, ಅದರ ಮೇಲೆ ಬೇಕಾದಷ್ಟು ಸೇರ್ಪಡೆಗಳು, ಇದು ಅದರ ರಚನೆ. ನಮಗೆ ತಲೆನೋವು ಶುರುವಾಗುವುದೂ ಇಲ್ಲೇ. ಎರಡು ಚಿಪ್‌ಗಳು ರಿಸ್ಕ್-ಫೈವ್ ಆಗಿದ್ದರೂ ಒಂದರಲ್ಲಿರುವ ಸೇರ್ಪಡೆ ಇನ್ನೊಂದರಲ್ಲಿ ಇಲ್ಲದೆ ಹೋಗಬಹುದು.

ಬಹಳ ವರ್ಷ ಲಿನಕ್ಸ್ ಲೋಕ 'ಆರ್‌ವಿ64ಜಿಸಿ' ಅನ್ನುವ ಕನಿಷ್ಠ ಮಟ್ಟವನ್ನು ಹಿಡಿದುಕೊಂಡು ಬಂದಿತು. ಡೆಬಿಯನ್ ಈಗಲೂ ಅದೇ ಮಟ್ಟದಲ್ಲಿದೆ. 2024ರ ಅಕ್ಟೋಬರ್‌ನಲ್ಲಿ 'ಆರ್‌ವಿಎ23' ಎಂಬ ಹೊಸ ಪ್ರೊಫೈಲ್ (ಚಿಪ್‌ನಲ್ಲಿ ಇರಲೇಬೇಕಾದ ಸೇರ್ಪಡೆಗಳ ಪಟ್ಟಿ) ಅಂತಿಮವಾಯಿತು. ಅದರಲ್ಲಿ ವೆಕ್ಟರ್ ಸೂಚನೆಗಳು (ಒಂದೇ ಸಲ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವವು) ಕಡ್ಡಾಯ. ಉಬುಂಟು 25.10ರಿಂದ ಈ ಪ್ರೊಫೈಲ್ ಇರುವ ಯಂತ್ರವೇ ಬೇಕು ಅನ್ನುತ್ತದೆ. ಅಂದರೆ ಈಗ ಜನರ ಮೇಜಿನ ಮೇಲಿರುವ ಬೋರ್ಡ್‌ಗಳಲ್ಲಿ ಹೆಚ್ಚಿನವು ಅದನ್ನು ಓಡಿಸಲಾರವು. ಅವಕ್ಕೆ ಉಬುಂಟು 24.04 ಅಥವಾ ಡೆಬಿಯನ್ 13 ಸರಿ. ಇದು ಬೇಸ್ ಇಮೇಜ್‌ಗೂ ಅನ್ವಯಿಸುತ್ತದೆ. ಹೊರಗೆ ಡೆಬಿಯನ್ ಇದ್ದರೂ ಒಳಗೆ ಹೊಸ ಉಬುಂಟು ಇಮೇಜ್ ಹಾಕಿದರೆ ಹಳೆಯ ಚಿಪ್‌ಗೆ ಅರ್ಥವಾಗದ ಸೂಚನೆ ಬಂದೇ ಬರುತ್ತದೆ.

ವಿಷನ್‌ಫೈವ್ 2 ಬೋರ್ಡ್‌ನಲ್ಲಿ ಜೆಎಚ್7110 ಚಿಪ್, ನಾಲ್ಕು ಕೋರ್, 8 ಜಿಬಿವರೆಗೆ ಮೆಮೊರಿ. ವೆಕ್ಟರ್ ಇಲ್ಲ. ಆದರೆ ಮುಖ್ಯ ಕರ್ನಲ್‌ನಲ್ಲಿ ಇದಕ್ಕೆ ಬೆಂಬಲ ಚೆನ್ನಾಗಿದೆ. ಕಂಟೇನರ್ ಕಲಿಯಲು ನಾನು ಮೊದಲು ಹೇಳುವ ಹೆಸರು ಇದೇ. ಬನಾನಾ ಪೈ ಎಫ್3ರಲ್ಲಿ ಎಂಟು ಕೋರ್‌ನ ಕೆ1 ಚಿಪ್ ಇದೆ, ಅದರಲ್ಲಿ ವೆಕ್ಟರ್ 1.0 ಸಿಗುತ್ತದೆ. ಲೀಚೀ ಪೈ 4ಎ ಬೋರ್ಡಿನ ಟಿಎಚ್1520 ಚಿಪ್‌ನಲ್ಲೂ ವೆಕ್ಟರ್ ಇದೆ ಅನ್ನುತ್ತಾರೆ. ನಿಜ, ಆದರೆ ಅದು 0.7.1, ಅಂದರೆ ಅಂತಿಮವಾಗುವ ಮೊದಲಿನ ಕರಡು. 1.0ಕ್ಕಾಗಿ ಕಟ್ಟಿದ ಪ್ರೋಗ್ರಾಂ ಅದರಲ್ಲಿ ಓಡುವುದಿಲ್ಲ. ಕೊಳ್ಳುವ ಮೊದಲು ಈ ಒಂದು ಸಾಲನ್ನು ನೋಡಿಕೊಳ್ಳಿ.

ಐಐಟಿ ಮದ್ರಾಸ್‌ನ 'ಶಕ್ತಿ' ಕೂಡ ರಿಸ್ಕ್-ಫೈವ್ ಕುಟುಂಬವೇ, ಅದರಲ್ಲಿ ಡಾಕರ್ ಓಡುತ್ತದಾ ಅಂತ ಎಂಜಿನಿಯರಿಂಗ್ ಹುಡುಗರು ಕೇಳುತ್ತಾರೆ. ಶಕ್ತಿಯಲ್ಲಿ ಹಲವು ವರ್ಗಗಳಿವೆ. ಇ ಕ್ಲಾಸ್ ಅನ್ನುವುದು ಮೈಕ್ರೊಕಂಟ್ರೋಲರ್. ಫ್ರೀಆರ್‌ಟಿಒಎಸ್‌ನಂಥ ಪುಟ್ಟ ವ್ಯವಸ್ಥೆಗಳಿಗೆ ಅದು ಹೇಳಿ ಮಾಡಿಸಿದ್ದು, ಕಂಟೇನರ್‌ಗೆ ಅಲ್ಲ. ಸಿ ಕ್ಲಾಸ್ ಲಿನಕ್ಸ್ ಬೂಟ್ ಮಾಡಬಲ್ಲದು. ಕಂಟೇನರ್‌ಗೆ ಪೂರ್ಣ ಲಿನಕ್ಸ್ ಬೇಕು, ಅದಕ್ಕೆ ಮೆಮೊರಿ ನಿರ್ವಹಣಾ ಘಟಕ ಇರುವ ಕೋರ್ ಬೇಕು, ಒಂದೆರಡು ಜಿಬಿ ಮೆಮೊರಿಯಾದರೂ ಇರಬೇಕು.

ಬೋರ್ಡ್ ಇಲ್ಲದೆ ಶುರು ಮಾಡುವುದು

ದುಡ್ಡು ಕೊಡುವ ಮೊದಲು ಲ್ಯಾಪ್‌ಟಾಪ್‌ನಲ್ಲೇ ಪ್ರಯತ್ನಿಸಿ. ಕೀಮು (ಟೈಪ್ ಮಾಡುವಾಗ ಕ್ಯೂ, ಇ, ಎಂ, ಯು) ಅನ್ನುವ ತಂತ್ರಾಂಶ ಒಂದು ಪ್ರೊಸೆಸರ್‌ನ ಸೂಚನೆಗಳನ್ನು ಓಡುತ್ತಿರುವಾಗಲೇ ಇನ್ನೊಂದರ ಸೂಚನೆಗಳಾಗಿ ಬದಲಿಸುತ್ತದೆ. ಇಡೀ ಯಂತ್ರವನ್ನು ಅನುಕರಿಸುವ ವಿಧಾನವೂ ಇದೆ, ಒಂದೇ ಪ್ರೋಗ್ರಾಮನ್ನು ಓಡಿಸುವ ವಿಧಾನವೂ ಇದೆ. ನಮಗೆ ಬೇಕಾದದ್ದು ಎರಡನೆಯದು.

ಉಬುಂಟು 24.04 ಲ್ಯಾಪ್‌ಟಾಪ್ ಆದರೆ:

ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಕೀಮು-ಯೂಸರ್-ಸ್ಟ್ಯಾಟಿಕ್ ಬಿನ್‌ಎಫ್‌ಎಂಟಿ-ಸಪೋರ್ಟ್

ಆಮೇಲೆ /ಪ್ರಾಕ್/ಸಿಸ್/ಎಫ್‌ಎಸ್/ಬಿನ್‌ಎಫ್‌ಎಂಟಿ_ಮಿಸ್ಕ್/ ಒಳಗೆ 'ಕೀಮು-ರಿಸ್ಕ್‌ವಿ64' ಅನ್ನುವ ಫೈಲ್ ಬಂದಿದೆಯಾ ನೋಡಿ. ಅದನ್ನು ಕ್ಯಾಟ್ ಕಮಾಂಡ್‌ನಲ್ಲಿ ತೆರೆದರೆ 'ಎನೇಬಲ್ಡ್' ಅಂತ ಮೊದಲ ಸಾಲು ಇರಬೇಕು. 'ಫ್ಲ್ಯಾಗ್ಸ್' ಸಾಲಿನಲ್ಲಿ ದೊಡ್ಡ ಎಫ್ ಅಕ್ಷರ ಇರಬೇಕು. ಈ ಎಫ್ ಮುಖ್ಯ. ಅದು ಇದ್ದರೆ ಕರ್ನಲ್ ಕೀಮುವನ್ನು ನೋಂದಣಿ ಮಾಡುವಾಗಲೇ ತೆರೆದು ಹಿಡಿದುಕೊಂಡಿರುತ್ತದೆ. ಇಲ್ಲದಿದ್ದರೆ ಕಂಟೇನರ್ ಒಳಗೆ ಕೀಮು ಫೈಲನ್ನು ಹುಡುಕುತ್ತದೆ, ಅಲ್ಲಿ ಅದು ಸಿಗುವುದಿಲ್ಲ. ಡಾಕರ್ ಡೆಸ್ಕ್‌ಟಾಪ್ ಬಳಸುವವರಿಗೆ ಇದೆಲ್ಲ ಮೊದಲೇ ಸಿದ್ಧವಾಗಿ ಬಂದಿರುತ್ತದೆ.

ಈಗ ಆಲ್ಪೈನ್ ಅನ್ನುವ ಪುಟ್ಟ ಲಿನಕ್ಸ್ ಇಮೇಜ್ ಮೇಲೆ ಪರೀಕ್ಷೆ:

ಡಾಕರ್ ರನ್ --ಆರ್‌ಎಂ --ಪ್ಲಾಟ್‌ಫಾರ್ಮ್ ಲಿನಕ್ಸ್/ರಿಸ್ಕ್‌ವಿ64 ಆಲ್ಪೈನ್ ಯೂನೇಮ್ -ಎಂ

ಪರದೆ ಮೇಲೆ ರಿಸ್ಕ್‌ವಿ64 ಎಂದು ಬಂದರೆ ನಿಮ್ಮ ಇಂಟೆಲ್ ಅಥವಾ ಆ್ಯಪಲ್ ಲ್ಯಾಪ್‌ಟಾಪ್ ಒಂದು ರಿಸ್ಕ್-ಫೈವ್ ಕಂಟೇನರ್ ಓಡಿಸಿದೆ. ಪ್ಲಾಟ್‌ಫಾರ್ಮ್ ಸೂಚನೆಯನ್ನು ಬಿಟ್ಟರೆ ಡಾಕರ್ ಸುಮ್ನೆ ಲ್ಯಾಪ್‌ಟಾಪ್‌ನದ್ದೇ ಇಮೇಜ್ ತರುತ್ತದೆ. ಆಗ ನೀವು ಪರೀಕ್ಷಿಸಿದ್ದು ಏನೂ ಇಲ್ಲ. ಹಾಗಾಗಿ ಪ್ರತಿ ಸಲವೂ ಯೂನೇಮ್ ನೋಡಿ.

ಕೀಮು ನಿಧಾನ. ಚಿಕ್ಕ ಪ್ರೋಗ್ರಾಂ ಓಡಿಸುವಾಗ ಗೊತ್ತಾಗುವುದಿಲ್ಲ, ದೊಡ್ಡ ಸಿ++ ಯೋಜನೆ ಕಂಪೈಲ್ ಮಾಡುವಾಗ ತುಂಬಾ ಗೊತ್ತಾಗುತ್ತದೆ. ಅದರಿಂದ ತಪ್ಪಿಸಿಕೊಳ್ಳುವ ದಾರಿ ಮುಂದೆ ಇದೆ.

ಬೋರ್ಡ್ ಮೇಲೆ: ಮೊದಲು ಕರ್ನಲ್

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬೋರ್ಡ್ ಮೇಲೆ ಡಾಕರ್ ಏಳದಿದ್ದರೆ ಮೊದಲ ಅನುಮಾನ ಕರ್ನಲ್ ಮೇಲೇ ಇರಲಿ. ಬೋರ್ಡ್ ತಯಾರಕರು ಕೊಡುವ ಕರ್ನಲ್‌ಗೆ ಡಿಸ್‌ಪ್ಲೇ, ಕ್ಯಾಮೆರಾ, ವಿಡಿಯೊ ಎಲ್ಲ ಸೇರಿಸಿರುತ್ತಾರೆ. ಕಂಟೇನರ್‌ಗೆ ಬೇಕಾದ ಭಾಗಗಳನ್ನು ಕೆಲವೊಮ್ಮೆ ಬಿಟ್ಟಿರುತ್ತಾರೆ.

ಬೇಕಾದವು ಇಷ್ಟು: ನೇಮ್‌ಸ್ಪೇಸ್‌ಗಳು (ಕಂಟೇನರನ್ನು ಬೇರ್ಪಡಿಸುವವು), ಸಿಗ್ರೂಪ್ (ಮೆಮೊರಿ, ಸಿಪಿಯು ಮಿತಿ ಹಾಕುವುದು), ಓವರ್‌ಲೇ ಫೈಲ್ ಸಿಸ್ಟಂ (ಇಮೇಜ್‌ನ ಪದರಗಳನ್ನು ಜೋಡಿಸಿ ಒಂದಾಗಿ ತೋರಿಸುವುದು), ಬ್ರಿಡ್ಜ್ ಮತ್ತು ವೆಥ್ ನೆಟ್‌ವರ್ಕ್, ನ್ಯಾಟ್ ಮಾಡಲು ನೆಟ್‌ಫಿಲ್ಟರ್, ಭದ್ರತೆಗೆ ಸೆಕ್‌ಕಾಂಪ್. ಒಂದೊಂದನ್ನೇ ಹುಡುಕುತ್ತಾ ಕೂರಬೇಡಿ. ಡಾಕರ್‌ನ ಮೂಲವಾದ ಮೊಬಿ ಯೋಜನೆಯ ಕಾಂಟ್ರಿಬ್ ಫೋಲ್ಡರ್‌ನಲ್ಲಿ 'ಚೆಕ್-ಕಾನ್ಫಿಗ್.ಎಸ್‌ಎಚ್' ಅನ್ನುವ ಸ್ಕ್ರಿಪ್ಟ್ ಇದೆ. ಅದನ್ನು ಬೋರ್ಡ್ ಮೇಲೆ ಓಡಿಸಿದರೆ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಓದಿ ಏನಿದೆ, ಏನಿಲ್ಲ ಅಂತ ಪಟ್ಟಿ ಕೊಡುತ್ತದೆ. 'ಜನರಲಿ ನೆಸೆಸರಿ' ಭಾಗದಲ್ಲಿ ಒಂದು 'ಮಿಸ್ಸಿಂಗ್' ಕಂಡರೂ ಅಲ್ಲೇ ನಿಲ್ಲಿ. ಕೆಳಗಿನ ಐಚ್ಛಿಕ ಭಾಗದಲ್ಲಿ ಮಿಸ್ಸಿಂಗ್ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ, ಆದರೆ ಓವರ್‌ಲೇ ಸಾಲನ್ನು ಮಾತ್ರ ಬಿಡಬೇಡಿ.

ಓವರ್‌ಲೇ ಯಾಕೆ ಅಷ್ಟು ಮುಖ್ಯ? ಅದು ಇಲ್ಲದಿದ್ದರೆ ಡಾಕರ್ 'ವಿಎಫ್‌ಎಸ್' ಎಂಬ ವಿಧಾನಕ್ಕೆ ಇಳಿಯಬಹುದು. ಅದರಲ್ಲಿ ಪ್ರತಿ ಪದರವೂ ಕೆಳಗಿನ ಪದರದ ಪೂರ್ತಿ ನಕಲು. ಹತ್ತು ಪದರದ ಇಮೇಜ್ ಹತ್ತು ಸಲ ಡಿಸ್ಕ್ ತಿನ್ನುತ್ತದೆ. ದೋಷದ ಸಂದೇಶ ಏನೂ ಬರುವುದಿಲ್ಲ, ಎಲ್ಲ ಓಡುತ್ತದೆ, ಕಾರ್ಡ್ ಮಾತ್ರ ಬೇಗ ತುಂಬಿಹೋಗುತ್ತದೆ.

ತಯಾರಕರ ಕರ್ನಲ್ ಸರಿ ಇಲ್ಲದಿದ್ದರೆ ನನ್ನ ಸಲಹೆ ಡೆಬಿಯನ್ 13. 2025ರ ಆಗಸ್ಟ್ 9ರಂದು ಬಂದ ಈ ಆವೃತ್ತಿ ರಿಸ್ಕ್-ಫೈವ್‌ಗೆ ಅಧಿಕೃತ ಬೆಂಬಲ ಕೊಟ್ಟ ಮೊದಲ ಡೆಬಿಯನ್. ಅದರ ಸಾಮಾನ್ಯ ಕರ್ನಲ್‌ನಲ್ಲಿ ಮೇಲಿನ ಎಲ್ಲ ಭಾಗಗಳೂ ಇರುತ್ತವೆ. ಡಿಸ್‌ಪ್ಲೇ ಅಥವಾ ವಿಡಿಯೊ ಕೈಕೊಡಬಹುದು. ಆದರೆ ಎಸ್‌ಎಸ್‌ಎಚ್ ಮೂಲಕ ಸರ್ವರ್ ಹಾಗೆ ಬಳಸುವವರಿಗೆ ಅದು ಬೇಕಾಗುವುದೂ ಇಲ್ಲ.

ಡಾಕರ್ ಹಾಕುವುದು ಸುಲಭ:

ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಡಾಕರ್.ಐಒ ಡಾಕರ್-ಸಿಎಲ್‌ಐ

ಎರಡನೇ ಹೆಸರು ಯಾಕೆ ಅಂದರೆ ಡೆಬಿಯನ್ 13ರಲ್ಲಿ ಹಿಂದೆ ಓಡುವ ಡೀಮನ್ ಒಂದು ಪ್ಯಾಕೇಜ್, ನಾವು ಟೈಪ್ ಮಾಡುವ 'ಡಾಕರ್' ಕಮಾಂಡ್ ಇನ್ನೊಂದು ಪ್ಯಾಕೇಜ್. ಡಾಕರ್‌ನಂಥದ್ದೇ ಕೆಲಸ ಮಾಡುವ ಪಾಡ್‌ಮನ್ ಇಷ್ಟಪಡುವವರು ಅದನ್ನೂ ಇದೇ ರೀತಿ ಹಾಕಬಹುದು. ಕೆಳಗಿನ ಹೆಚ್ಚಿನ ಮಾತುಗಳು ಅದಕ್ಕೂ ಒಪ್ಪುತ್ತವೆ.

ಹಾಕಿದ ಮೇಲೆ 'ಡಾಕರ್ ಇನ್ಫೊ' ಕೊಟ್ಟು ಮೂರು ಸಾಲು ಓದಿ. 'ಸ್ಟೋರೇಜ್ ಡ್ರೈವರ್' ಎದುರು ಓವರ್‌ಲೇ ಅಂತ ಇರಬೇಕು. 'ಸಿಗ್ರೂಪ್ ವರ್ಷನ್' 2 ಇರಬೇಕು. 'ಆರ್ಕಿಟೆಕ್ಚರ್' ಎದುರು ರಿಸ್ಕ್‌ವಿ64 ಇರಬೇಕು. ಕೊನೆಯಲ್ಲಿ 'ನೋ ಮೆಮೊರಿ ಲಿಮಿಟ್ ಸಪೋರ್ಟ್' ಎಂದು ಎಚ್ಚರಿಕೆ ಬಂದರೆ ಕರ್ನಲ್‌ನ ಸಿಗ್ರೂಪ್ ಅರ್ಧ ಮಾತ್ರ ಇದೆ ಎಂದು ಅರ್ಥ. ಆಗ ಕಂಟೇನರ್‌ಗೆ ಮೆಮೊರಿ ಮಿತಿ ಹಾಕಿದರೂ ಅದು ನಡೆಯುವುದಿಲ್ಲ. 4 ಜಿಬಿ ಬೋರ್ಡ್‌ನಲ್ಲಿ ಇದು ಚಿಕ್ಕ ವಿಷಯ ಅಲ್ಲ.

ಡಾಕರ್ ಶುರುವಾಗದೆ ಐಪಿಟೇಬಲ್ಸ್ ಬಗ್ಗೆ ದೂರಿದರೆ ನ್ಯಾಟ್ ಮಾಡ್ಯೂಲ್ ಲೋಡ್ ಆಗಿಲ್ಲ ಅಥವಾ ಇಲ್ಲವೇ ಇಲ್ಲ. ಕರ್ನಲ್ ಅಪ್‌ಡೇಟ್ ಮಾಡಿ ಬೋರ್ಡ್ ರೀಬೂಟ್ ಮಾಡದೆ ಇದ್ದರೂ ಇದೇ ಲಕ್ಷಣ ಕಾಣುತ್ತದೆ. ಓಡುತ್ತಿರುವ ಹಳೆಯ ಕರ್ನಲ್‌ಗೆ ಡಿಸ್ಕ್‌ನಲ್ಲಿರುವ ಹೊಸ ಮಾಡ್ಯೂಲ್ ಹೊಂದುವುದಿಲ್ಲ. ಬೇರೆ ಏನೂ ಮಾಡುವ ಮೊದಲು ಒಮ್ಮೆ ರೀಬೂಟ್ ಮಾಡಿ ನೋಡಿ.

ಇನ್ನೊಂದು ಮಾತು ಡಿಸ್ಕ್ ಬಗ್ಗೆ. ಮೆಮೊರಿ ಕಾರ್ಡ್ ಮೇಲೆ ಡಾಕರ್ ಓಡಿಸಿ 'ಈ ಪ್ರೊಸೆಸರ್ ತುಂಬಾ ನಿಧಾನ' ಅನ್ನುವುದು ಅನ್ಯಾಯ. ನಿಧಾನ ಆಗಿರುವುದು ಕಾರ್ಡ್. ವಿಷನ್‌ಫೈವ್ 2ರ ಬೆನ್ನಿಗೆ ಎಂ.2 ಸ್ಲಾಟ್ ಇದೆ. ಚಿಕ್ಕದೊಂದು ಎನ್‌ವಿಎಂಇ ಹಾಕಿ. /ಇಟಿಸಿ/ಡಾಕರ್/ಡೀಮನ್.ಜೇಸನ್ ಫೈಲಿನಲ್ಲಿ 'ಡೇಟಾ-ರೂಟ್' ಅನ್ನು ಆ ಡಿಸ್ಕ್‌ಗೆ ತಿರುಗಿಸಿ, ಡಾಕರ್ ಮತ್ತೆ ಶುರು ಮಾಡಿ.

ಈಗ 'ಡಾಕರ್ ರನ್ --ಆರ್‌ಎಂ ಹೆಲೊ-ವರ್ಲ್ಡ್'. ಇದಕ್ಕೆ ರಿಸ್ಕ್-ಫೈವ್ ಇಮೇಜ್ ಇದೆ, ನೇರವಾಗಿ ಓಡುತ್ತದೆ.

ಇಮೇಜ್ ಇದೆಯಾ ಇಲ್ಲವಾ

ನಾವು 'ಇಮೇಜ್' ಅನ್ನುವುದು ಹೆಚ್ಚಿನ ಸಲ ಒಂದು ಪಟ್ಟಿ. ಒಂದೇ ಹೆಸರಿನ ಕೆಳಗೆ ಪ್ರತಿ ಆರ್ಕಿಟೆಕ್ಚರ್‌ಗೆ ಒಂದೊಂದು ಇಮೇಜ್ ಇರುತ್ತದೆ. ಡಾಕರ್ ನಿಮ್ಮ ಯಂತ್ರ ನೋಡಿ ಸರಿಯಾದದ್ದನ್ನು ಎತ್ತಿಕೊಳ್ಳುತ್ತದೆ. ಇಮೇಜ್ ಎಳೆಯುವ ಮೊದಲೇ ಈ ಪಟ್ಟಿಯನ್ನು ಡಾಕರ್‌ನ ಇಮೇಜ್ ಕಟ್ಟುವ ಸಾಧನವಾದ ಬಿಲ್ಡ್‌ಎಕ್ಸ್ ಮೂಲಕ ಓದಬಹುದು (ಟ್ರಿಕ್ಸಿ ಅಂದರೆ ಡೆಬಿಯನ್ 13, ಬುಕ್‌ವರ್ಮ್ ಅಂದರೆ ಡೆಬಿಯನ್ 12):

ಡಾಕರ್ ಬಿಲ್ಡ್‌ಎಕ್ಸ್ ಇಮೇಜ್‌ಟೂಲ್ಸ್ ಇನ್‌ಸ್ಪೆಕ್ಟ್ ಡೆಬಿಯನ್:ಟ್ರಿಕ್ಸಿ

'ಪ್ಲಾಟ್‌ಫಾರ್ಮ್' ಎಂದಿರುವ ಸಾಲುಗಳಲ್ಲಿ ಲಿನಕ್ಸ್/ರಿಸ್ಕ್‌ವಿ64 ಕಾಣಿಸುತ್ತದೆ. ಅದೇ ಕಮಾಂಡನ್ನು ಡೆಬಿಯನ್:ಬುಕ್‌ವರ್ಮ್ ಮೇಲೆ ಓಡಿಸಿ. ಅಲ್ಲಿ ಕಾಣಿಸುವುದಿಲ್ಲ. ಡೆಬಿಯನ್ 12ಕ್ಕೆ ರಿಸ್ಕ್-ಫೈವ್ ಅಧಿಕೃತ ಬೆಂಬಲ ಇರಲಿಲ್ಲ, ಅದಕ್ಕೇ.

ಒಂದು ಭಾಷೆಯ ಅಥವಾ ಡೇಟಾಬೇಸ್‌ನ ಇಮೇಜ್ ಯಾವ ಬೇಸ್ ಮೇಲೆ ನಿಂತಿದೆ ಅನ್ನುವುದೇ ಅದು ನಿಮಗೆ ಸಿಗುತ್ತದಾ ಇಲ್ಲವಾ ಅನ್ನುವುದನ್ನು ತೀರ್ಮಾನಿಸುತ್ತದೆ. ಟ್ಯಾಗ್ (ಹೆಸರಿನಲ್ಲಿ ':' ಆದ ಮೇಲಿನ ಭಾಗ) ಕೊನೆಯಲ್ಲಿ ಬುಕ್‌ವರ್ಮ್ ಇದ್ದರೆ ಆಸೆ ಬಿಡಿ. ಟ್ರಿಕ್ಸಿ ಅಥವಾ ಆಲ್ಪೈನ್ ಇದ್ದರೆ ಹುಡುಕಿ ನೋಡಿ. ಆಲ್ಪೈನ್ 2024ರ ಮೇ ತಿಂಗಳ 3.20 ಆವೃತ್ತಿಯಿಂದ ರಿಸ್ಕ್-ಫೈವ್ ಬೆಂಬಲಿಸುತ್ತದೆ. ಹಳೆಯ ಕಂಪೋಸ್ ಫೈಲ್ (ಯಾವ ಕಂಟೇನರ್‌ಗಳನ್ನು ಓಡಿಸಬೇಕು ಅಂತ ಹೇಳುವ ಫೈಲ್) ಒಂದು ಬೋರ್ಡ್ ಮೇಲೆ ಓಡದಿದ್ದಾಗ ಟ್ಯಾಗ್ ಬದಲಿಸಿದ್ದಕ್ಕೇ ಓಡುವುದು ಅಪರೂಪವಲ್ಲ.

ಅಧಿಕೃತ ಇಮೇಜ್ ಸಿಗದಾಗ ಯಾರೋ ಅಪರಿಚಿತರು ಕಟ್ಟಿ ಹಾಕಿದ ರಿಸ್ಕ್-ಫೈವ್ ಇಮೇಜ್ ಕಣ್ಣಿಗೆ ಬೀಳುತ್ತದೆ. ಪರೀಕ್ಷೆಗೆ ಸರಿ. ಅದರ ಡಾಕರ್‌ಫೈಲ್ (ಇಮೇಜ್ ಕಟ್ಟುವ ಹಂತಗಳನ್ನು ಬರೆದಿಟ್ಟ ಫೈಲ್) ಎಲ್ಲರಿಗೂ ತೆರೆದಿದ್ದರೆ, ಅದನ್ನು ಓದಿ ನೀವೇ ಕಟ್ಟಿಕೊಂಡರೆ ಇನ್ನೂ ಸರಿ. ಪಾಸ್‌ವರ್ಡ್, ಜನರ ಮಾಹಿತಿ ಇರುವ ಕಡೆ ಮಾತ್ರ ಅಂಥ ಇಮೇಜ್ ಬೇಡವೇ ಬೇಡ.

ನಿಮ್ಮದೇ ಇಮೇಜ್ ಕಟ್ಟುವುದು

ಗೋ ಭಾಷೆಯಲ್ಲಿ ಬರೆದ ಚಿಕ್ಕ ವೆಬ್ ಸರ್ವರ್ ಇದೆ ಅಂದುಕೊಳ್ಳಿ. ಡಾಕರ್‌ಫೈಲ್ ಹೀಗಿರಲಿ. ಇದರಲ್ಲಿ ಸಾಲಿನ ಮೊದಲ ಪದ, ಡಾಲರ್ ಚಿಹ್ನೆ ಇರುವ ಹೆಸರು, ಆರ್ಗ್ ಮುಂದಿನ ಹೆಸರು, ಸಿಗೋ_ಎನೇಬಲ್ಡ್ (ಸಿ, ಜಿ, ಓ ಅಕ್ಷರಗಳಿಂದ ಶುರು) ಮತ್ತು ಗೋಆರ್ಕ್ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ.

ಫ್ರಮ್ --ಪ್ಲಾಟ್‌ಫಾರ್ಮ್=$ಬಿಲ್ಡ್‌ಪ್ಲಾಟ್‌ಫಾರ್ಮ್ ಗೋಲ್ಯಾಂಗ್:ಆಲ್ಪೈನ್ ಆ್ಯಸ್ ಬಿಲ್ಡ್
ಆರ್ಗ್ ಟಾರ್ಗೆಟ್‌ಆರ್ಕ್
ವರ್ಕ್‌ಡಿರ್ /ಎಸ್‌ಆರ್‌ಸಿ
ಕಾಪಿ . .
ರನ್ ಸಿಗೋ_ಎನೇಬಲ್ಡ್=0 ಗೋಆರ್ಕ್=$ಟಾರ್ಗೆಟ್‌ಆರ್ಕ್ ಗೋ ಬಿಲ್ಡ್ -ಓ /ಆ್ಯಪ್ .
ಫ್ರಮ್ ಸ್ಕ್ರ್ಯಾಚ್
ಕಾಪಿ --ಫ್ರಮ್=ಬಿಲ್ಡ್ /ಆ್ಯಪ್ /ಆ್ಯಪ್
ಎಂಟ್ರಿಪಾಯಿಂಟ್ ["/ಆ್ಯಪ್"]

ಮೊದಲ ಸಾಲನ್ನು ಗಮನಿಸಿ. 'ಬಿಲ್ಡ್‌ಪ್ಲಾಟ್‌ಫಾರ್ಮ್' ಅಂದರೆ ಕಟ್ಟುತ್ತಿರುವ ಯಂತ್ರ, ಅಂದರೆ ನಿಮ್ಮ ಲ್ಯಾಪ್‌ಟಾಪ್. ಗೋ ಕಂಪೈಲರ್ ಲ್ಯಾಪ್‌ಟಾಪ್‌ನ ಪೂರ್ತಿ ವೇಗದಲ್ಲಿ ಓಡುತ್ತದೆ. 'ಟಾರ್ಗೆಟ್‌ಆರ್ಕ್' ಅನ್ನುವುದನ್ನು ಬಿಲ್ಡ್‌ಎಕ್ಸ್ ತಾನೇ ತುಂಬುತ್ತದೆ, ರಿಸ್ಕ್-ಫೈವ್‌ಗೆ ಕಟ್ಟುವಾಗ ಅದು ರಿಸ್ಕ್‌ವಿ64 ಆಗುತ್ತದೆ. ಗೋ ಕೂಡ ಅದೇ ಹೆಸರನ್ನು ಬಳಸುವುದರಿಂದ ನೇರವಾಗಿ ಕೊಟ್ಟರಾಯಿತು. ಕೊನೆಯ ಹಂತದಲ್ಲಿ ಫೈಲ್ ಕಾಪಿ ಮಾತ್ರ ಇದೆ, ರನ್ ಇಲ್ಲ. ಹಾಗಾಗಿ ಕೀಮು ಬೇಕಾಗುವುದೇ ಇಲ್ಲ. ಮೊದಲ ಸಾಲಿನ ಪ್ಲಾಟ್‌ಫಾರ್ಮ್ ಭಾಗ ತೆಗೆದು ನೋಡಿ. ಇಮೇಜ್ ಅದೇ ಬರುತ್ತದೆ, ಆದರೆ ಕಂಪೈಲರ್ ಕೀಮು ಒಳಗೆ ಓಡಿ ಬಹಳ ಹೊತ್ತು ತಿನ್ನುತ್ತದೆ.

ಸ್ಕ್ರ್ಯಾಚ್ ಅಂದರೆ ಪೂರ್ತಿ ಖಾಲಿ ಬೇಸ್. ಅದರಲ್ಲಿ ಸರ್ಟಿಫಿಕೇಟ್‌ಗಳು ಇರುವುದಿಲ್ಲ. ನಿಮ್ಮ ಪ್ರೋಗ್ರಾಂ ಹೊರಗಿನ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಹೋಗುವುದಾದರೆ ಮೊದಲ ಹಂತದ /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್ ಫೋಲ್ಡರ್ ಅನ್ನೂ ಕಾಪಿ ಮಾಡಿ.

ಮೂರೂ ಆರ್ಕಿಟೆಕ್ಚರ್‌ಗೆ ಒಟ್ಟಿಗೆ ಕಟ್ಟಲು ಬಿಲ್ಡರ್ ಒಂದು ಬೇಕು. 'ಡಾಕರ್ ಬಿಲ್ಡ್‌ಎಕ್ಸ್ ಕ್ರಿಯೇಟ್ --ನೇಮ್ ಬಹು --ಯೂಸ್' ಎಂದು ಒಮ್ಮೆ ಮಾಡಿಕೊಳ್ಳಿ, ಆ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಆಮೇಲೆ:

ಡಾಕರ್ ಬಿಲ್ಡ್‌ಎಕ್ಸ್ ಬಿಲ್ಡ್ --ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64,ಲಿನಕ್ಸ್/ಆರ್ಮ್64,ಲಿನಕ್ಸ್/ರಿಸ್ಕ್‌ವಿ64 -ಟಿ ನಿಮ್ಮ-ರಿಜಿಸ್ಟ್ರಿ/ಹೆಸರು:1 --ಪುಶ್ .

ಕೊನೆಯ ಚುಕ್ಕಿ ಮರೆಯಬೇಡಿ. ರಿಜಿಸ್ಟ್ರಿ ಅಂದರೆ ಇಮೇಜ್‌ಗಳನ್ನು ಇಡುವ ಸರ್ವರ್. 'ಪುಶ್' ಇಮೇಜನ್ನು ಅಲ್ಲಿಗೆ ಕಳಿಸುತ್ತದೆ, 'ಲೋಡ್' ನಿಮ್ಮ ಯಂತ್ರದಲ್ಲೇ ಇಡುತ್ತದೆ. 'ಪುಶ್' ಬದಲು 'ಲೋಡ್' ಕೊಟ್ಟರೆ ಹಳೆಯ ಸ್ಟೋರೇಜ್ ಇರುವ ಡಾಕರ್ ಬಹು ಪ್ಲಾಟ್‌ಫಾರ್ಮ್ ಪಟ್ಟಿಯನ್ನು ಒಪ್ಪುವುದಿಲ್ಲ. ಒಂದೇ ಪ್ಲಾಟ್‌ಫಾರ್ಮ್ ಆದರೆ ಲೋಡ್ ಸರಿ.

ರಸ್ಟ್ ಭಾಷೆಯಲ್ಲಿ ಟಾರ್ಗೆಟ್ ಹೆಸರು ಬೇರೆ: 'ರಿಸ್ಕ್‌ವಿ64ಜಿಸಿ-ಅನ್‌ನೋನ್-ಲಿನಕ್ಸ್-ಗ್ನೂ'. ಜಿಸಿ ಅಕ್ಷರಗಳನ್ನು ಬಿಟ್ಟರೆ ಸಿಗುವುದಿಲ್ಲ. ಜಾವಾಗೆ ಜೆಡಿಕೆ 19ರಿಂದ ಲಿನಕ್ಸ್ ರಿಸ್ಕ್-ಫೈವ್ ಬೆಂಬಲ ಮೂಲ ಯೋಜನೆಯಲ್ಲೇ ಇದೆ. 8, 11ರ ಕಾಲದ ಅಪ್ಲಿಕೇಶನ್ ಆದರೆ ಮೊದಲು ಜಾವಾ ಆವೃತ್ತಿ ಮೇಲೆತ್ತುವುದು ಒಳ್ಳೆಯದು. ನೋಡ್.ಜೆಎಸ್‌ಗೆ ಆ ಯೋಜನೆಯ ಅನಧಿಕೃತ ಬಿಲ್ಡ್‌ಗಳ ಜಾಗದಲ್ಲಿ ರಿಸ್ಕ್‌ವಿ64 ಕಡತಗಳು ಸಿಗುತ್ತವೆ.

ಪೈಥಾನ್ ಸ್ವಲ್ಪ ಕಾಡುತ್ತದೆ. ಪೈಥಾನ್ ಭಾಷೆ ಚೆನ್ನಾಗಿಯೇ ಓಡುತ್ತದೆ. ಆದರೆ ನಂಪೈ, ಕ್ರಿಪ್ಟೊಗ್ರಫಿಯಂಥ ಲೈಬ್ರರಿಗಳ ಒಳಗೆ ಸಿ ಅಥವಾ ರಸ್ಟ್ ಕೋಡ್ ಇದೆ. ಸಿದ್ಧ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಇಲ್ಲದಿದ್ದರೆ ಪೈಥಾನ್ ಲೈಬ್ರರಿ ಹಾಕುವ ಪಿಪ್ ಅದನ್ನು ಮೂಲದಿಂದ ಕಂಪೈಲ್ ಮಾಡಲು ಕೂರುತ್ತದೆ. ಕಂಪೈಲರ್ ಇಲ್ಲದ ಸ್ಲಿಮ್ ಇಮೇಜ್‌ನಲ್ಲಿ ಅಲ್ಲೇ ಸೋಲುತ್ತದೆ. ನಾನು ಹೇಳುವ ದಾರಿ: ಬೇಸ್ ಆಗಿ ಡೆಬಿಯನ್ ಟ್ರಿಕ್ಸಿ ಇಟ್ಟುಕೊಳ್ಳಿ, ಭಾರದ ಲೈಬ್ರರಿಗಳನ್ನು ಪಿಪ್ ಬದಲು ಆ್ಯಪ್ಟ್ ಮೂಲಕ ಹಾಕಿ. 'ಪೈಥಾನ್3-ನಂಪೈ' ಅನ್ನುವ ಹೆಸರಲ್ಲಿ ಡೆಬಿಯನ್‌ನವರು ಈಗಾಗಲೇ ಕಂಪೈಲ್ ಮಾಡಿ ಇಟ್ಟಿದ್ದಾರೆ. ಆವೃತ್ತಿ ಸ್ವಲ್ಪ ಹಳೆಯದಿರಬಹುದು, ಆದರೆ ನಿಮಿಷದಲ್ಲಿ ಬರುತ್ತದೆ. ಉಳಿದ ಹಗುರ ಲೈಬ್ರರಿಗಳಿಗೆ ಪಿಪ್ ಇದೆ. ಆ್ಯಪ್ಟ್ ಮೂಲಕ ಹಾಕಿದವನ್ನು ಪಿಪ್ ನೋಡಬೇಕಾದರೆ ವೆನ್ವ್ (ಪೈಥಾನ್ ಲೈಬ್ರರಿಗಳ ಪ್ರತ್ಯೇಕ ಜಾಗ) ಮಾಡುವಾಗ '--ಸಿಸ್ಟಂ-ಸೈಟ್-ಪ್ಯಾಕೇಜಸ್' ಕೊಡಿ.

ಹೀಗೆ ಕೆಟ್ಟರೆ ಹಾಗೆ

ಕಂಟೇನರ್ ಸತ್ತ ಮೇಲೆ 'ಡಾಕರ್ ಪಿಎಸ್ -ಎ' ಅದರ ನಿರ್ಗಮನ ಸಂಖ್ಯೆ ತೋರಿಸುತ್ತದೆ. 132 ಬಂದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ. ವೆಕ್ಟರ್ ಇಲ್ಲದ ಚಿಪ್ ಮೇಲೆ ವೆಕ್ಟರ್ ಕೋಡ್ ಓಡಿಸಿದರೆ ಹೀಗಾಗುತ್ತದೆ. /ಪ್ರಾಕ್/ಸಿಪಿಯುಇನ್ಫೊ ಫೈಲಿನ 'ಐಸಾ' ಸಾಲಿನಲ್ಲಿ ನಿಮ್ಮ ಚಿಪ್‌ನ ಸೇರ್ಪಡೆಗಳೆಲ್ಲ ಇರುತ್ತವೆ, ಹೋಲಿಸಿ ನೋಡಿ. 137 ಬಂದರೆ ಹೊರಗಿನಿಂದ ಕೊಂದಿದ್ದಾರೆ, ಹೆಚ್ಚಿನ ಸಲ ಮೆಮೊರಿ ಸಾಲದೆ. ಮೇಕ್‌ಗೆ ಎಲ್ಲ ಕೋರ್ ಕೊಟ್ಟು ಕಂಪೈಲ್ ಮಾಡುವಾಗ ಇದು ಸಾಮಾನ್ಯ, ಕೋರ್ ಸಂಖ್ಯೆ ಇಳಿಸಿ.

ಸಿ, ಸಿ++ ಯೋಜನೆ ಕಟ್ಟುವಾಗ ಲಿಂಕರ್ '__ಆ್ಯಟಾಮಿಕ್' ಎಂದು ಶುರುವಾಗುವ ಹೆಸರೊಂದು ಸಿಗಲಿಲ್ಲ ಅನ್ನಬಹುದು. ರಿಸ್ಕ್-ಫೈವ್‌ನ ಮೂಲ ಆ್ಯಟಾಮಿಕ್ ಸೂಚನೆಗಳು (ನಡುವೆ ಬೇರೆ ಥ್ರೆಡ್ ಕೈಹಾಕದ ಹಾಗೆ ಒಂದೇ ಏಟಿಗೆ ಮುಗಿಯುವವು) 32 ಮತ್ತು 64 ಬಿಟ್‌ಗೆ ಮಾತ್ರ. ಒಂದು ಬೈಟಿನ ಮೇಲೆ ಅದೇ ಕೆಲಸ ಮಾಡಲು ಹಳೆಯ ಜಿಸಿಸಿ ಕಂಪೈಲರ್ ಒಂದು ಸಹಾಯಕ ಲೈಬ್ರರಿಯನ್ನು ಕರೆಯುತ್ತಿತ್ತು. ಲಿಂಕ್ ಸಾಲಿಗೆ '-ಎಲ್‌ಆ್ಯಟಾಮಿಕ್' ಸೇರಿಸಿ. ಜಿಸಿಸಿ 14ರಲ್ಲಿ ಇದರ ಗೋಳು ಬಹುಪಾಲು ಇಲ್ಲ.

ಹಳೆಯ ಯೋಜನೆಯ ಕಾನ್ಫಿಗರ್ ಸ್ಕ್ರಿಪ್ಟ್ ಯಂತ್ರವನ್ನೇ ಗುರುತಿಸದಿದ್ದರೆ ಅದರೊಳಗಿನ 'ಕಾನ್ಫಿಗ್.ಗೆಸ್' ಮತ್ತು 'ಕಾನ್ಫಿಗ್.ಸಬ್' ಫೈಲ್‌ಗಳು ರಿಸ್ಕ್-ಫೈವ್ ಹೆಸರು ಗೊತ್ತಿಲ್ಲದಷ್ಟು ಹಳೆಯವು. ಹೊಸ ಆಟೊಕಾನ್ಫ್‌ನ ಜೊತೆ ಬರುವ ಅದೇ ಹೆಸರಿನ ಫೈಲ್‌ಗಳನ್ನು ಅಲ್ಲಿಗೆ ಹಾಕಿ.

ಇವೆಲ್ಲ ಕೂಗಿ ಹೇಳುವ ತಪ್ಪುಗಳು. ಸುಮ್ಮನೆ ತಪ್ಪು ಉತ್ತರ ಕೊಡುವವು ಬೇರೆ ಇವೆ, ಅವೇ ಅಪಾಯ. ಸಿ ಭಾಷೆಯ 'ಚಾರ್' ಇಂಟೆಲ್‌ನಲ್ಲಿ ಋಣ ಸಂಖ್ಯೆ ಹಿಡಿಯುತ್ತದೆ, ರಿಸ್ಕ್-ಫೈವ್‌ನಲ್ಲಿ ಹಿಡಿಯುವುದಿಲ್ಲ. ಚಾರ್‌ನಲ್ಲಿ -1 ಇಟ್ಟು 'ಸೊನ್ನೆಗಿಂತ ಕಡಿಮೆಯಾ' ಅಂತ ಕೇಳಿದರೆ ಇಲ್ಲಿ ಇಲ್ಲ ಅನ್ನುತ್ತದೆ, ಅದರಲ್ಲಿ 255 ಇರುತ್ತದೆ. ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಇಂಟೆಲ್‌ನಲ್ಲಿ ಪ್ರೋಗ್ರಾಂ ಅಲ್ಲೇ ಸಾಯುತ್ತದೆ. ರಿಸ್ಕ್-ಫೈವ್ ಪ್ರೊಸೆಸರ್ ನಿಲ್ಲುವುದೇ ಇಲ್ಲ, ಎಲ್ಲ ಬಿಟ್‌ಗಳೂ 1 ಆಗಿರುವ ಉತ್ತರ ಕೊಟ್ಟು ಮುಂದೆ ಹೋಗುತ್ತದೆ. ಆ ಉತ್ತರ ಲೆಕ್ಕದ ಒಳಗೆ ಸೇರಿ ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ.

ಕೀಮುವನ್ನು ಎಲ್ಲಿವರೆಗೆ ನಂಬಬೇಕು

ಕಟ್ಟಲು ಕೀಮು ಸಾಕು, ನಂಬಲು ಬೋರ್ಡ್ ಬೇಕು ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ಗಟ್ಟಿ ಕಾರಣಗಳಿವೆ.

ಮೊದಲನೆಯದು, ಕೀಮು ತೋರಿಸುವ ಪ್ರೊಸೆಸರ್ ನಿಮ್ಮ ಬೋರ್ಡ್‌ನದ್ದಲ್ಲ. ಅದರಲ್ಲಿ ವೆಕ್ಟರ್ ಇದ್ದು ನಿಮ್ಮ ಚಿಪ್‌ನಲ್ಲಿ ಇಲ್ಲದೆ ಹೋಗಬಹುದು. ಲ್ಯಾಪ್‌ಟಾಪ್‌ನಲ್ಲಿ ಪಾಸಾದ ಇಮೇಜ್ ಬೋರ್ಡ್ ಮೇಲೆ 132 ಕೊಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಇಂಟೆಲ್ ಯಂತ್ರದಲ್ಲಿ ಒಂದು ಥ್ರೆಡ್ ಮೊದಲು ಬರೆದದ್ದನ್ನು ಬೇರೆ ಥ್ರೆಡ್‌ಗಳು ಬಹುತೇಕ ಅದೇ ಕ್ರಮದಲ್ಲಿ ನೋಡುತ್ತವೆ. ರಿಸ್ಕ್-ಫೈವ್‌ನಲ್ಲಿ ಆ ಕ್ರಮದ ಭರವಸೆ ಇಲ್ಲ. ಬೇಕಾದರೆ ಕೋಡ್‌ನಲ್ಲೇ ಫೆನ್ಸ್ (ಕ್ರಮ ಕಾಯುವ ಸೂಚನೆ) ಅಥವಾ ಸರಿಯಾದ ಆ್ಯಟಾಮಿಕ್ ಹಾಕಿ ಹೇಳಬೇಕು. ಲಾಕ್ ಇಲ್ಲದೆ ಬರೆದ ಕೋಡ್ ಇಂಟೆಲ್ ಮೇಲೆ ವರ್ಷಗಟ್ಟಲೆ ಸರಿಯಾಗಿ ಓಡಿ, ಇಲ್ಲಿ ಯಾವತ್ತೋ ಒಮ್ಮೆ ಕೆಡಬಹುದು. ಇಂಟೆಲ್ ಲ್ಯಾಪ್‌ಟಾಪ್ ಮೇಲಿನ ಕೀಮು ಈ ತಪ್ಪನ್ನು ಮುಚ್ಚಿಡುತ್ತದೆ, ಯಾಕಂದರೆ ಕೆಳಗೆ ಓಡುತ್ತಿರುವುದು ಇಂಟೆಲ್ ಪ್ರೊಸೆಸರೇ ಅಲ್ವಾ.

ಹಾಗಾಗಿ ಬೋರ್ಡನ್ನು ಬಿಲ್ಡರ್‌ಗೆ ಸೇರಿಸಿಬಿಡಿ. ಎಸ್‌ಎಸ್‌ಎಚ್ ಕೀ ಹಾಕಿ, ಆ ಬಳಕೆದಾರನನ್ನು ಡಾಕರ್ ಗುಂಪಿಗೆ ಸೇರಿಸಿದ ಮೇಲೆ:

ಡಾಕರ್ ಬಿಲ್ಡ್‌ಎಕ್ಸ್ ಕ್ರಿಯೇಟ್ --ನೇಮ್ ಬಹು --ಅಪೆಂಡ್ --ಪ್ಲಾಟ್‌ಫಾರ್ಮ್ ಲಿನಕ್ಸ್/ರಿಸ್ಕ್‌ವಿ64 ಎಸ್‌ಎಸ್‌ಎಚ್://ಬಳಕೆದಾರ@ಬೋರ್ಡ್-ವಿಳಾಸ

ಈಗ ಅದೇ ಬಿಲ್ಡ್ ಕಮಾಂಡ್ ಕೊಟ್ಟರೆ ರಿಸ್ಕ್-ಫೈವ್ ಭಾಗವನ್ನು ಬೋರ್ಡ್‌ಗೆ ಕಳಿಸಬಹುದು. ಡಾಕರ್‌ಫೈಲ್‌ನಲ್ಲೇ ಟೆಸ್ಟ್ ಓಡಿಸುವ ಒಂದು ಹಂತ ಇಟ್ಟು, ಅದಕ್ಕೆ ಬಿಲ್ಡ್‌ಪ್ಲಾಟ್‌ಫಾರ್ಮ್ ಕೊಡದೆ ಬಿಡಿ. ಕಟ್ಟುವಾಗ ಆ ಹಂತವನ್ನು '--ಟಾರ್ಗೆಟ್' ಮೂಲಕ ಹೆಸರು ಹೇಳಿ ಕರೆಯಿರಿ, ಇಲ್ಲದಿದ್ದರೆ ಕೊನೆಯ ಇಮೇಜ್‌ಗೆ ಬೇಡದ ಹಂತವನ್ನು ಬಿಲ್ಡ್‌ಎಕ್ಸ್ ಮುಟ್ಟುವುದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೀಮು ಕೂಡ ಇದ್ದರೆ ಟೆಸ್ಟ್ ಎಲ್ಲಿ ಓಡುತ್ತಿದೆ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಬೋರ್ಡ್ ಮೇಲೆ 'ಟಾಪ್' ತೆರೆದಿಟ್ಟರೆ ಕಣ್ಣಿಗೇ ಕಾಣುತ್ತದೆ.

ಯಾವುದೋ ಯೋಜನೆಯ ಇಮೇಜ್ ಸಿಗದೆ ನೀವೇ ಕಟ್ಟಿ, ಬೋರ್ಡ್ ಮೇಲೆ ಟೆಸ್ಟ್ ಪಾಸಾದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಮೂಲ ಯೋಜನೆಗೆ ಕಳಿಸಿ. ಬಹಳ ಸಲ ಬದಲಾವಣೆ ಎರಡೇ ಸಾಲು: ಬೇಸ್ ಟ್ಯಾಗ್ ಒಂದು, ಪ್ಲಾಟ್‌ಫಾರ್ಮ್ ಪಟ್ಟಿಯಲ್ಲಿ ರಿಸ್ಕ್‌ವಿ64 ಒಂದು. ಅದರ ಜೊತೆ ಬೋರ್ಡ್ ಹೆಸರು, 'ಯೂನೇಮ್ -ಎ' ಉತ್ತರ, ಸಿಪಿಯುಇನ್ಫೊದ ಐಸಾ ಸಾಲು, ಟೆಸ್ಟ್ ಫಲಿತಾಂಶ, ಇಮೇಜ್‌ನ ಡೈಜೆಸ್ಟ್ (ಅದನ್ನು ಗುರುತಿಸುವ ಹ್ಯಾಶ್) ಇಷ್ಟನ್ನೂ ಬರೆಯಿರಿ. ಯೋಜನೆ ನೋಡಿಕೊಳ್ಳುವವರ ಹತ್ತಿರ ರಿಸ್ಕ್-ಫೈವ್ ಯಂತ್ರ ಇರುವುದು ಕಡಿಮೆ. ಈ ಐದು ವಿವರ ಇದ್ದರೆ ಅವರು ನಿಮ್ಮನ್ನು ಮತ್ತೆ ಏನೂ ಕೇಳದೆ ತೀರ್ಮಾನ ಮಾಡಬಹುದು.